ಗಂಟಲಿನ ಔಷಧದಿಂದ ಕಾರಿನ ಬಣ್ಣಕ್ಕೆ

ಕಾರಿಗೆ ಬಣ್ಣ ಹೊಡೆಯುವ ಸ್ಪ್ರೇ ಗನ್ನಿನ ಮೂಲ ಗ್ಯಾರೇಜಿನಲ್ಲಿಲ್ಲ, ವೈದ್ಯರ ಕೋಣೆಯಲ್ಲಿದೆ. ಅಮೆರಿಕದ ಟೊಲೆಡೊ ನಗರದಲ್ಲಿ ಅಲೆನ್ ಡಿವಿಲ್‌ಬಿಸ್ ಎಂಬ ವೈದ್ಯರಿದ್ದರು. ಗಂಟಲು ಬೇನೆಗೆ ಔಷಧವನ್ನು ಹತ್ತಿಯಲ್ಲಿ ಅದ್ದಿ ಒಳಗೆ ಸವರುವುದು ಆಗಿನ ಪದ್ಧತಿ. ರೋಗಿಗೆ ಬೇನೆಗಿಂತ ಚಿಕಿತ್ಸೆಯೇ ಹಿಂಸೆ. 1880ರ ದಶಕದ ಕೊನೆಯಲ್ಲಿ ಈ ವೈದ್ಯರು, ರಬ್ಬರ್ ಚೆಂಡನ್ನು ಅದುಮಿದರೆ ಔಷಧ ಮಂಜಿನಂತೆ ಚಿಮ್ಮುವ ಸಾಧನವೊಂದನ್ನು ರೂಪಿಸಿದರು. ಅವರ ಮಗ ಥಾಮಸ್ 1907ರ ಸುಮಾರಿಗೆ ಅದೇ ತತ್ವವನ್ನು ಬಣ್ಣಕ್ಕೆ ಅಳವಡಿಸಿದರು. ರಬ್ಬರ್ ಚೆಂಡಿನ ಜಾಗಕ್ಕೆ ಕಂಪ್ರೆಸರಿನ ಗಾಳಿ ಬಂತು.

ಮೊದಲಿಗೆ ಇದನ್ನು ಬಳಸಿದವರು ಮೇಜು, ಕುರ್ಚಿ ತಯಾರಿಸುವವರು. ಕಾರು ತಯಾರಕರು ಕುದುರೆ ಗಾಡಿಗೆ ಬಳಿಯುತ್ತಿದ್ದಂತೆಯೇ ಕಾರಿಗೂ ಕುಂಚದಲ್ಲಿ ವಾರ್ನಿಷ್ ಬಳಿಯುತ್ತಿದ್ದರು. ಒಂದು ಪದರ ಒಣಗಿ, ಉಜ್ಜಿ, ಮತ್ತೊಂದು ಪದರ ಹಚ್ಚಿ ಮುಗಿಸುವಷ್ಟರಲ್ಲಿ ವಾರಗಳೇ ಉರುಳುತ್ತಿದ್ದವು. ಹೆನ್ರಿ ಫೋರ್ಡ್ ಚಲಿಸುವ ಜೋಡಣಾ ಸಾಲಿನಿಂದ ಕಾರುಗಳನ್ನು ಸರಸರನೆ ಹೊರತಂದರೂ ಬಣ್ಣ ಮಾತ್ರ ಅವಸರಕ್ಕೆ ಒಗ್ಗಲಿಲ್ಲ. 1914ರಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಅವರ ಮಾಡೆಲ್ ಟಿ ಕಾರು ಕಪ್ಪು ಬಣ್ಣ ಒಂದರಲ್ಲೇ ಸಿಗುತ್ತಿತ್ತು.

ಗಂಟು ಬಿಡಿಸಿದ್ದು ಡ್ಯೂಪಾಂಟ್ ಕಂಪೆನಿಯ ನೈಟ್ರೊಸೆಲ್ಯುಲೋಸ್ ಮೆರುಗೆಣ್ಣೆ. 1923ರಲ್ಲಿ ಜನರಲ್ ಮೋಟಾರ್ಸ್ ತನ್ನ ಓಕ್‌ಲ್ಯಾಂಡ್ ಕಾರಿಗೆ ಇದರ ನೀಲಿಯನ್ನು ಹಚ್ಚಿತು. ಕಂಪೆನಿಯ ಸಂಶೋಧನಾ ಮುಖ್ಯಸ್ಥ ಚಾರ್ಲ್ಸ್ ಕೆಟರಿಂಗ್ ಅವರು, ಹೊಸ ಬಣ್ಣವನ್ನು ನಂಬದ ಒಬ್ಬರನ್ನು ಊಟಕ್ಕೆ ಕರೆದು, ಊಟ ಮುಗಿಯುವಷ್ಟರಲ್ಲಿ ಅವರ ಕಾರಿನ ಬಣ್ಣವನ್ನೇ ಬದಲಿಸಿ ನಿಲ್ಲಿಸಿದ್ದರೆಂಬ ಕತೆಯಿದೆ. ಕತೆ ಸ್ವಲ್ಪ ಬೆಳೆದಿರಬಹುದು. ವಾರಗಳ ಕೆಲಸ ಗಂಟೆಗಳಿಗಿಳಿದದ್ದಂತೂ ನಿಜ. ಕುಂಚದ ಎರಡನೆಯ ಎಳೆತಕ್ಕೆ ಮುನ್ನವೇ ಒಣಗುವ ಈ ಬಣ್ಣಕ್ಕೆ ಸ್ಪ್ರೇ ಗನ್ ಅನಿವಾರ್ಯವಾಯಿತು. ಅದರ ಹೆಸರು ಡ್ಯೂಕೋ. ನಮ್ಮ ಬಡಗಿಗಳೂ ಪೇಂಟರುಗಳೂ ಇಂದಿಗೂ ‘ಡ್ಯೂಕೋ ಹೊಡೆಸಬೇಕು’ ಎನ್ನುವಾಗ ಬಳಸುವುದು ಆ ಕಂಪೆನಿ ಇಟ್ಟ ಹೆಸರನ್ನೇ.

ಹಳೆಯ ಗನ್ನುಗಳು 40ರಿಂದ 60 ಪೌಂಡು ಒತ್ತಡದಲ್ಲಿ ಬಣ್ಣವನ್ನು ಚಿಮ್ಮಿಸುತ್ತಿದ್ದವು. ಅದರಲ್ಲಿ ತಗಡಿಗೆ ಅಂಟುತ್ತಿದ್ದುದು ಸುಮಾರು ಮೂರರಲ್ಲೊಂದು ಪಾಲು, ಎಷ್ಟೋ ವೇಳೆ ಅದಕ್ಕೂ ಕಡಿಮೆ. ಉಳಿದದ್ದು ಗಾಳಿಪಾಲು. ಹೊಗೆಮಂಜಿನಿಂದ ಕಂಗೆಟ್ಟಿದ್ದ ದಕ್ಷಿಣ ಕ್ಯಾಲಿಫೋರ್ನಿಯದ ವಾಯು ನಿಯಂತ್ರಣ ಅಧಿಕಾರಿಗಳು 1980ರ ದಶಕದ ಕೊನೆಗೆ ನಿಯಮಗಳನ್ನು ಬಿಗಿಗೊಳಿಸಿ, ಕನಿಷ್ಠ ಶೇ. 65ರಷ್ಟು ಬಣ್ಣ ಅಂಟಲೇಬೇಕೆಂದರು. ಎಚ್‌ವಿಎಲ್‌ಪಿ ಗನ್ನುಗಳು ಹಬ್ಬಿದ್ದು ಇದರಿಂದ. ಇವುಗಳ ತುದಿಯಲ್ಲಿ ಒತ್ತಡ 10 ಪೌಂಡು ಮೀರದು.

ಮನೆಯಲ್ಲೇ ಕಾರಿಗೆ ಬಣ್ಣ ಹೊಡೆಯಹೊರಟವರು ಮೋಸಹೋಗುವುದೂ ಇಲ್ಲಿಯೇ. ಒತ್ತಡ ಕಡಿಮೆ ಸಾಕೆಂದ ಮೇಲೆ ಸಣ್ಣ ಕಂಪ್ರೆಸರೂ ಸಾಕೆಂದು ತೋರುತ್ತದೆ. ಆದರೆ ಆ ಹೆಸರಿನ ಮೊದಲರ್ಧ ಹೇಳುವುದು ಗಾಳಿಯ ಹೆಚ್ಚಿನ ಪ್ರಮಾಣವನ್ನು. ಇಂಥ ಗನ್ ಸಾಮಾನ್ಯವಾಗಿ ನಿಮಿಷಕ್ಕೆ 8ರಿಂದ 14 ಘನ ಅಡಿ ಗಾಳಿ ಕುಡಿಯುತ್ತದೆ. ಒಂದು ಅಶ್ವಶಕ್ತಿಯ ಕಂಪ್ರೆಸರ್ ಕೊಡುವುದು ಮೂರೋ ನಾಲ್ಕೋ ಘನ ಅಡಿ. ಟ್ಯಾಂಕು ದೊಡ್ಡದಿದ್ದರೆ ಸ್ವಲ್ಪ ಹೊತ್ತು ನಡೆದೀತು. ಬೋರ್‌ವೆಲ್ಲಿನಲ್ಲಿ ನೀರು ಬತ್ತಿದಾಗ ಮಾಳಿಗೆಯ ಟ್ಯಾಂಕು ಎಷ್ಟು ದೊಡ್ಡದಿದ್ದರೇನು? ಬಾನೆಟ್ಟಿನ ಅರ್ಧಕ್ಕೆ ಬರುವಷ್ಟರಲ್ಲಿ ಒತ್ತಡ ಕುಸಿದು, ಹನಿಗಳು ದಪ್ಪವಾಗಿ, ಬಣ್ಣದ ಮೈ ಕಿತ್ತಳೆ ಸಿಪ್ಪೆಯಂತಾಗುತ್ತದೆ. ಆದ್ದರಿಂದ ಗನ್ನನ್ನು ಮೊದಲು ಆರಿಸಿ, ಅದು ಬೇಡುವ ಗಾಳಿಗೆ ತಕ್ಕ ಕಂಪ್ರೆಸರನ್ನು ಆಮೇಲೆ ನೋಡುವುದು ಸರಿಯಾದ ಕ್ರಮ. ಎರಡು ಅಶ್ವಶಕ್ತಿಯಷ್ಟೇ ಇರುವವರಿಗೆ ಕಡಿಮೆ ಗಾಳಿ ಬೇಡುವ ಸಣ್ಣ ಗನ್ ಹಿಡಿದು ಒಂದೊಂದೇ ಬಾಗಿಲು, ಒಂದೊಂದೇ ಮಡ್‌ಗಾರ್ಡು ಮುಗಿಸುವುದೇ ಲೇಸು.

ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ಇನ್ನೊಂದು ತೊಡಕಿದೆ. ಅದುಮಿದ ಗಾಳಿ ಬಿಸಿಯಾಗಿ, ಮತ್ತೆ ತಣಿದಾಗ ಅದರ ತೇವ ನೀರಾಗಿ ಇಳಿಯುತ್ತದೆ. ಆ ನೀರು ಗನ್ನಿಗೆ ನುಗ್ಗಿದರೆ ಬಣ್ಣದಲ್ಲಿ ಗುಳ್ಳೆಗಳೇಳುತ್ತವೆ. ನೀರು ಹಿಡಿಯುವ ಫಿಲ್ಟರನ್ನು ಕಂಪ್ರೆಸರಿನ ಬಾಯಲ್ಲೇ ಕೂರಿಸದೆ, ಗಾಳಿ ತಣಿದ ಮೇಲೆ ಸಿಗುವಂತೆ ದೂರದಲ್ಲಿಡಬೇಕು.

ಗಂಟಲಿಗಾಗಿ ಹುಟ್ಟಿದ ಸಾಧನ ಈಗ ಶ್ವಾಸಕೋಶಕ್ಕೆ ಕುತ್ತು ತಂದಿದೆ. ಹಾರ್ಡನರ್ ಬೆರೆಸುವ ಇಂದಿನ ಪಾಲಿಯುರೆಥೇನ್ ಬಣ್ಣಗಳಲ್ಲಿ ಐಸೊಸೈನೇಟುಗಳಿವೆ. ಅವುಗಳ ಮಂಜು ಉಸಿರಾಡಿದವರಿಗೆ ಆಸ್ತಮಾ ಬರಬಹುದು. ಒಮ್ಮೆ ಅಂಟಿದರೆ ಆಮೇಲೆ ಅತ್ಯಲ್ಪ ಪ್ರಮಾಣವೂ ಸಹಿಸದು. ಯುರೋಪಿಯನ್ ಒಕ್ಕೂಟದಲ್ಲಿ 2023ರ ಆಗಸ್ಟಿನಿಂದ ತರಬೇತಿ ಇಲ್ಲದವರು ವೃತ್ತಿಯಲ್ಲಿ ಇವನ್ನು ಬಳಸುವಂತಿಲ್ಲ. ಮೂಗಿಗೆ ಕಟ್ಟಿದ ಕರವಸ್ತ್ರವಾಗಲಿ, ಧೂಳಿನ ಮಾಸ್ಕಾಗಲಿ ಇದನ್ನು ತಡೆಯದು. ಸುಸಜ್ಜಿತ ವರ್ಕ್‌ಶಾಪುಗಳಲ್ಲಿ ಪೇಂಟರಿನ ಮುಖವಾಡಕ್ಕೆ ಪ್ರತ್ಯೇಕ ಕೊಳವೆಯಲ್ಲಿ ಶುದ್ಧ ಗಾಳಿ ಹಾಯಿಸುತ್ತಾರೆ. ಆ ಏರ್ಪಾಡಿಲ್ಲದ ಹಿತ್ತಲಿನಲ್ಲಿ ಪ್ರೈಮರಿನವರೆಗಿನ ಉಜ್ಜುವ ಕೆಲಸವನ್ನು ಮನೆಯಲ್ಲೇ ಮುಗಿಸಿ, ಕೊನೆಯ ಬಣ್ಣವನ್ನು ಬೂತ್ ಇರುವ ಕಡೆ ಹೊಡೆಸುವವರೂ ಇದ್ದಾರೆ.