ಉಕ್ರೇನಿನ ಮನೆಗಳ ಕೆಂಪು ಸಾರು



2022ರ ಜುಲೈ 1ರಂದು ಯುನೆಸ್ಕೋ ಒಂದು ಸಾರನ್ನು ತುರ್ತಾಗಿ ಕಾಪಾಡಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಅದು ಉಕ್ರೇನಿನ ಬೀಟ್‌ರೂಟ್ ಸಾರು, ಬೋರ್ಶ್. ಸರಿಯಾಗಿ ಹೇಳಬೇಕೆಂದರೆ ಪಟ್ಟಿಗೆ ಸೇರಿದ್ದು ಸಾರಲ್ಲ, ಅದನ್ನು ಮನೆಮನೆಯಲ್ಲಿ ಮಾಡುವ ಸಂಸ್ಕೃತಿ. ಮೊದಲು ಈ ಸುದ್ದಿ ಓದಿದಾಗ ನಮಗೆ ನಗು ಬಂದಿತ್ತು. ಸಾರು ಎಲ್ಲಾದರೂ ಅಳಿದುಹೋಗುತ್ತದೆಯೇ? ಅದರ ಇತಿಹಾಸ ಹುಡುಕುತ್ತಾ ಹೋದಂತೆ ನಗು ನಿಂತಿತು.

ಬೋರ್ಶ್ ಎಂಬ ಹೆಸರೇ ಬೀಟ್‌ರೂಟಿನದ್ದಲ್ಲ. ತೇವದ ಹುಲ್ಲುಗಾವಲಿನಲ್ಲಿ ತಾನಾಗಿ ಬೆಳೆಯುವ, ಬಿಳಿ ಹೂಗೊಂಚಲಿನ ಒಂದು ಕಾಡುಗಿಡದ ಹೆಸರು ಅದು. ನಮ್ಮ ಕೊತ್ತಂಬರಿಯ ಕುಟುಂಬಕ್ಕೇ ಸೇರಿದ್ದು. ಹಿಂದಿನ ಕಾಲದ ಬಡವರು ಅದರ ಎಳೆಯ ಎಲೆ, ದಂಟುಗಳನ್ನು ಕೊಯ್ದು, ನೀರಿನಲ್ಲಿ ನೆನೆಹಾಕಿ, ದೋಸೆ ಹಿಟ್ಟಿನಂತೆ ಹುಳಿ ಬರಿಸಿ ಸಾರು ಕಾಯಿಸುತ್ತಿದ್ದರು. ಆಗ ಅದು ಕೆಂಪಾಗಿರಲಿಲ್ಲ. ಹುಳಿಯಾಗಿತ್ತು, ಅಷ್ಟೇ.

1584ರಲ್ಲಿ ಮಾರ್ಟಿನ್ ಗ್ರೂನೆವೆಗ್ ಎಂಬ ಜರ್ಮನ್ ವ್ಯಾಪಾರಿ ಕೀವ್ ನಗರವನ್ನು ಹಾದುಹೋದ. ಮುಂದೆ ಈತ ಲ್ವಿವ್ ನಗರದಲ್ಲಿ ದೊಮಿನಿಕ್ ಸಭೆಯ ಸನ್ಯಾಸಿಯಾದ. ಕೀವ್ ಹತ್ತಿರದ ಒಂದು ಹೊಳೆಗೆ ಬೋರ್ಶಿನ ಹೆಸರಿತ್ತು. ಅಲ್ಲಿ ಬೋರ್ಶ್ ಮಾರುವ ಸಂತೆ ನಡೆಯುತ್ತಿದ್ದುದರಿಂದ ಆ ಹೆಸರು ಬಂತು ಎಂದು ಯಾರೋ ಅವನಿಗೆ ಹೇಳಿದರು. ಅವನು ಅದನ್ನು ನಂಬಲಿಲ್ಲ. ಇಲ್ಲಿಯ ಜನ ಬೋರ್ಶನ್ನು ಕೊಂಡು ತಿನ್ನುವುದೇ ಅಪರೂಪ, ಪ್ರತಿಯೊಬ್ಬರೂ ಮನೆಯಲ್ಲೇ ಮಾಡಿಕೊಳ್ಳುತ್ತಾರೆ, ಅದೇ ಅವರಿಗೆ ಊಟ, ಅದೇ ಪಾನೀಯ ಎಂಬ ಅರ್ಥದ ಮಾತನ್ನು ತನ್ನ ನೆನಪಿನ ಬರಹದಲ್ಲಿ ಬರೆದಿಟ್ಟ. ನಮಗೆ ಈ ಸಾಕ್ಷ್ಯ ಬಹಳ ಹಿಡಿಸಿತು. ರಾಜರ ಔತಣದ ವರ್ಣನೆ ಬರೆದವರು ಬೇಕಾದಷ್ಟು ಜನ. ಬಡವರ ಒಲೆಯ ಮೇಲೆ ಏನಿತ್ತು ಎಂದು ಬರೆದಿಟ್ಟವರು ಎಷ್ಟು ಮಂದಿ?

ಕಾಡುಗಿಡದ ಜಾಗಕ್ಕೆ ಬೀಟ್‌ರೂಟ್ ಬಂದದ್ದು ಆಮೇಲೆ. ಅದನ್ನೂ ನೀರಿನಲ್ಲಿ ಕೆಲವು ದಿನ ಹುಳಿ ಬರಿಸಿ, ಆ ಕೆಂಪು ಹುಳಿನೀರನ್ನು ಸಾರಿಗೆ ಹಾಕಿದರು. ಅಮೆರಿಕ ಖಂಡದಿಂದ ಬಂದ ಆಲೂಗಡ್ಡೆ, ಟೊಮೆಟೊಗಳು ಇನ್ನೂ ತಡವಾಗಿ ಮಡಕೆಗೆ ಇಳಿದವು. ನಮ್ಮ ಸಾರಿನ ಮೆಣಸಿನಕಾಯಿಯೂ ಅಲ್ಲಿಂದಲೇ ಬಂದದ್ದಲ್ಲವೇ!

ಈ ಸಾರು ಧರ್ಮಸಭೆಯ ಪಂಚಾಂಗವನ್ನೂ ಅನುಸರಿಸುತ್ತದೆ. ಉಪವಾಸದ ದಿನಗಳಲ್ಲಿ ಮಾಂಸವಿಲ್ಲ, ಹಂದಿ ಕೊಬ್ಬಿಲ್ಲ, ಕೆನೆಯೂ ಇಲ್ಲ. ಅವರೆಯಂಥ ಕಾಳು, ಅಣಬೆಗಳೇ ಆಧಾರ. ಕ್ರಿಸ್ಮಸ್ ಹಿಂದಿನ ಸಂಜೆಯನ್ನು ಅವರು ಪವಿತ್ರ ಸಂಜೆ ಎನ್ನುತ್ತಾರೆ. ಆಕಾಶದಲ್ಲಿ ಮೊದಲ ನಕ್ಷತ್ರ ಕಾಣುವವರೆಗೆ ಯಾರೂ ಊಟಕ್ಕೆ ಕೂರುವುದಿಲ್ಲ. ಹನ್ನೆರಡು ಪ್ರೇಷಿತರ ನೆನಪಿಗೆ ಹನ್ನೆರಡು ಬಗೆ ಅಡುಗೆ. ಅದರಲ್ಲಿ ಬೋರ್ಶ್ ಒಂದು. ಹಲವು ಕಡೆ ಅದರಲ್ಲಿ ಅಣಬೆ ತುಂಬಿದ ಪುಟ್ಟ ಕಡುಬುಗಳು ತೇಲುತ್ತವೆ. ಅವುಗಳ ಹೆಸರಿನ ಅರ್ಥ ‘ಪುಟ್ಟ ಕಿವಿ’. ತೀರಿಹೋದವರಿಗಾಗಿ ಮೇಜಿನ ಮೇಲೆ ಒಂದು ತಟ್ಟೆ ಹೆಚ್ಚಿಗೆ ಇಡುವ ರೂಢಿಯೂ ಇದೆ.

1932–33ರಲ್ಲಿ ಆ ತಟ್ಟೆಗಳ ಲೆಕ್ಕವೇ ತಪ್ಪಿಹೋಯಿತು. ಸ್ಟಾಲಿನ್ ಸರ್ಕಾರ ಹಳ್ಳಿಗಳಿಂದ ದವಸವನ್ನು ಬಲವಂತವಾಗಿ ವಸೂಲಿ ಮಾಡಿತು. 1932ರ ನವೆಂಬರಿನಲ್ಲಿ, ದವಸದ ಪಾಲು ಕೊಡಲಾಗದವರಿಂದ ಮಾಂಸ, ಆಲೂಗಡ್ಡೆಗಳನ್ನೇ ದಂಡವಾಗಿ ಕೀಳುವ ಆಜ್ಞೆ ಹೊರಟಿತು. ವಸೂಲಿ ತಂಡಗಳು ಮನೆಮನೆ ಹೊಕ್ಕು, ನೆಲ ಅಗೆದು, ಕಾಳು, ಬೀಟ್‌ರೂಟನ್ನೂ ಬಿಡದೆ ಹೊತ್ತೊಯ್ದವು. ಜನ ಹುಲ್ಲು, ತುರಿಕೆ ಸೊಪ್ಪು, ಮರದ ತೊಗಟೆ ಬೇಯಿಸಿ ತಿಂದರು. ಕಾಡುಗಿಡದಿಂದ ಹುಟ್ಟಿದ ಸಾರು ಮತ್ತೆ ಕಾಡುಗಿಡಕ್ಕೇ ಮರಳಿತು. ಉಕ್ರೇನಿನಲ್ಲಿ ಹಸಿವಿನಿಂದ ಸತ್ತವರು ಸುಮಾರು 35ರಿಂದ 40 ಲಕ್ಷ ಎಂಬುದು ಅನೇಕ ಇತಿಹಾಸಕಾರರ ಲೆಕ್ಕ. ಪ್ರತಿ ನವೆಂಬರಿನ ನಾಲ್ಕನೆಯ ಶನಿವಾರ ಉಕ್ರೇನಿಗರು ಕಿಟಕಿಯಲ್ಲಿ ಮೇಣದಬತ್ತಿ ಹಚ್ಚಿಡುತ್ತಾರೆ.

ಅದೇ ಸೋವಿಯತ್ ಆಡಳಿತ ಮುಂದೆ ಬೋರ್ಶನ್ನು ದೇಶದ ಎಲ್ಲ ಕ್ಯಾಂಟೀನುಗಳಲ್ಲೂ ಬಡಿಸಿತು, ಟ್ಯೂಬಿನಲ್ಲಿ ತುಂಬಿ ಗಗನಯಾತ್ರಿಗಳಿಗೂ ಕಳಿಸಿತು. ಸಾರು ಯಾರದು ಎಂಬ ಜಗಳದ ಬೇರು ಇಲ್ಲಿದೆ. 2019ರಲ್ಲಿ ರಷ್ಯಾದ ವಿದೇಶಾಂಗ ಇಲಾಖೆ ಬೋರ್ಶನ್ನು ತಮ್ಮ ದೇಶದ ಪ್ರಸಿದ್ಧ ಅಡುಗೆ ಎಂದು ಪ್ರಕಟಿಸಿದಾಗ ಉಕ್ರೇನಿಗರು ಸಿಟ್ಟಾದರು. ಯೆವ್ಹೆನ್ ಕ್ಲೊಪೊತೆಂಕೊ ಎಂಬ ಬಾಣಸಿಗರು ಯುನೆಸ್ಕೋ ಮಾನ್ಯತೆಗಾಗಿ ಓಡಾಡಿದರು. ಪೋಲೆಂಡ್, ಲಿಥುವೇನಿಯಾ, ರಷ್ಯಾದ ಮನೆಗಳಲ್ಲೂ ಇಂಥ ಸಾರು ಉಂಟು, ನಿಜ. ಯುನೆಸ್ಕೋ ಪಟ್ಟಿಯೂ ಯಾರಿಗೂ ಒಡೆತನದ ಪತ್ರವಲ್ಲ.

ಆದರೆ ‘ತುರ್ತು’ ಏಕೆ? 2022ರ ಫೆಬ್ರವರಿ 24ರಂದು ಯುದ್ಧ ಸ್ಫೋಟಿಸಿತು. ಲಕ್ಷಾಂತರ ಜನ ಮನೆ ಬಿಟ್ಟರು. ತರಕಾರಿ ಬೆಳೆಯುವ ಖೆರ್ಸೋನ್ ಪ್ರಾಂತ್ಯ ಶತ್ರುಗಳ ವಶವಾಯಿತು. ಪಾಕವಿಧಾನ ಪುಸ್ತಕದಲ್ಲಿ ಉಳಿಯಬಹುದು. ಹಿತ್ತಲು, ಒಲೆ, ಸುತ್ತ ಕೂರುವ ಜನ ಚದುರಿಹೋದರೆ ಅಡುಗೆ ಎಲ್ಲಿ ಉಳಿಯುತ್ತದೆ? ಯುನೆಸ್ಕೋ ಕೊಟ್ಟ ಕಾರಣವೂ ಇದೇ. ಅಲ್ಲಿಯ ಹೆಂಗಸರು ಸುಮ್ಮನೆ ಕೂರಲಿಲ್ಲ. ಬೀಟ್‌ರೂಟ್, ಕ್ಯಾರೆಟ್, ಎಲೆಕೋಸನ್ನು ಹೆಚ್ಚಿ ಒಣಗಿಸಿ, ಪೊಟ್ಟಣ ಕಟ್ಟಿ ಯುದ್ಧಭೂಮಿಗೆ ಕಳಿಸಿದರು. ಬಿಸಿನೀರಿಗೆ ಹಾಕಿದರೆ ಮನೆಯ ಬೋರ್ಶ್.

ನಾವೂ ಒಂದು ಭಾನುವಾರ ಪೂಜೆ ಮುಗಿಸಿ ಬಂದು ಮಾಡಿ ನೋಡಿದೆವು. ಮೊದಲ ಸಲ ಬೀಟ್‌ರೂಟನ್ನು ಮಾಂಸದ ಜೊತೆಗೇ ಕುದಿಸಿಬಿಟ್ಟೆವು. ಬಣ್ಣ ಹೋಗಿ ಸಾರು ಹಳೆಯ ಇಟ್ಟಿಗೆಯಂತಾಯಿತು. ಬೀಟ್‌ರೂಟಿನ ಬಣ್ಣ ಹುಳಿಯಲ್ಲಿ ನಿಲ್ಲುತ್ತದೆ, ಹೆಚ್ಚು ಕುದಿದರೆ ಕೆಡುತ್ತದೆ. ಹುಳಿನೀರು ಬಳಸುತ್ತಿದ್ದ ಅಜ್ಜಿಯರಿಗೆ ಇದು ಗೊತ್ತಿತ್ತು. ಎರಡನೆಯ ಸಲ ಅರ್ಧ ಕಿಲೋ ಮೂಳೆಮಾಂಸವನ್ನು ಎರಡು ಲೀಟರ್ ನೀರಿನಲ್ಲಿ ಮೆತ್ತಗೆ ಬೇಯಿಸಿ, ಮೂರು ಆಲೂಗಡ್ಡೆ, ಆಮೇಲೆ ಕಾಲು ಭಾಗ ಎಲೆಕೋಸು ಹಾಕಿದೆವು. ಬೇರೆ ಬಾಣಲೆಯಲ್ಲಿ ಈರುಳ್ಳಿ, ಕ್ಯಾರೆಟ್, ಎರಡು ಬೀಟ್‌ರೂಟಿನ ತುರಿ, ಎರಡು ಟೊಮೆಟೊ, ಒಂದು ಚಮಚ ವಿನೆಗರ್ ಹಾಕಿ ಬಾಡಿಸಿ, ಕೊನೆಯಲ್ಲಿ ಸಾರಿಗೆ ಸೇರಿಸಿದೆವು. ಉಪ್ಪು, ಕಾಳುಮೆಣಸು, ಜಜ್ಜಿದ ಬೆಳ್ಳುಳ್ಳಿ. ಇಳಿಸಿ ಮುಚ್ಚಿಟ್ಟು, ಬಡಿಸುವಾಗ ಮೇಲೆ ಒಂದು ಚಮಚ ಗಟ್ಟಿ ಮೊಸರು. ತಪಸ್ಸುಕಾಲದಲ್ಲಾದರೆ ಮಾಂಸದ ಬದಲು ನೆನೆಸಿದ ರಾಜ್ಮಾ ಸಾಕು.

ಒಣಮೆಣಸಿನ ಒಗ್ಗರಣೆ ಬೇಕಿತ್ತು ಎಂದು ಅಮ್ಮಂದಿರು ಹೇಳಿದರು. ಮರುದಿನ ಬಿಸಿ ಮಾಡಿದಾಗ ಸಾರಿಗೆ ಇನ್ನೂ ರುಚಿ ಬಂದಿತ್ತು, ಒಗ್ಗರಣೆಯ ಮಾತು ಯಾರೂ ಎತ್ತಲಿಲ್ಲ.