ಗಾಳಿಕೋವಿಯ ಪೂರ್ವೋತ್ತರ

ಮದ್ದಿಲ್ಲದೆ ಗುಂಡು ಹಾರಿಸುವುದೆಂದರೆ ಬಿತ್ತದೆ ಬೆಳೆ ಕೊಯ್ದಂತೆಂದು ಜನರು ನಗುವುದುಂಟು. ಆದರೆ ಊದುಕೊಳವೆಯಿಂದ ಸಣ್ಣ ಬಾಣವನ್ನೂದಿ ಹಕ್ಕಿಯನ್ನು ಕೆಡಹುವ ವಿದ್ಯೆಯು ಮದ್ದಿನ ಕೋವಿಗಿಂತ ಎಷ್ಟೋ ಪ್ರಾಚೀನವಾದುದು. ಬಾಯುಸಿರಿಗೆ ಬದಲಾಗಿ ತಿದಿಯ ಗಾಳಿಯನ್ನು ಉಪಯೋಗಿಸಿದಾಗ ಗಾಳಿಕೋವಿಯು ಹುಟ್ಟಿತು. ಸುಮಾರು ೧೫೮೦ರಲ್ಲಿ ನಿರ್ಮಿತವಾದ ಅಂಥ ತಿದಿಕೋವಿಯೊಂದು ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದ ರಾಜಾಯುಧಶಾಲೆಯಲ್ಲಿ ಇಂದಿಗೂ ಇದೆ. ಈಗ ಏರ್‌ಗನ್ ಎಂಬ ಹೆಸರಿನಿಂದ ಅಂಗಡಿಗಳಲ್ಲಿ ದೊರೆಯುವ, ಮನೆಯ ಹುಡುಗರು ಹಟಹಿಡಿದು ಕೊಡಿಸಿಕೊಳ್ಳುವ ವಸ್ತುವು ಇದರ ವಂಶದ್ದೇ. ಅದನ್ನು ಆಟಿಕೆಯೆಂದು ಎಣಿಸುವವರು ಅದರ ಪೂರ್ವಚರಿತ್ರೆಯನ್ನು ಅರಿಯರು.

ಗಾಳಿಯನ್ನು ಅಮುಕಿದಷ್ಟೂ ಅದರ ಒತ್ತಡವು ಹೆಚ್ಚುವುದೆಂಬ ನಿಯಮವನ್ನು ರಾಬರ್ಟ್ ಬಾಯಿಲ್ ಎಂಬ ಪಂಡಿತನು ೧೬೬೨ರಲ್ಲಿ ಪ್ರಕಟಿಸಿದನು. ಆ ಶಾಸ್ತ್ರವನ್ನು ಯುದ್ಧಭೂಮಿಗೆ ಇಳಿಸಿದವನು ಟಿರೋಲ್ ಪ್ರಾಂತದ ಗಡಿಯಾರದ ಕೆಲಸಗಾರನಾದ ಬಾರ್ತೊಲೊಮಿಯೊ ಜಿರಾರ್ಡೋನಿ. ಇವನು ರಚಿಸಿದ ಕೋವಿಯನ್ನು ಆಸ್ಟ್ರಿಯಾದ ಸೈನ್ಯವು ೧೭೮೦ರ ಸುಮಾರಿಗೆ ಅಂಗೀಕರಿಸಿತು. ಉದ್ದ ನಾಲ್ಕು ಅಡಿ, ತೂಕ ಸುಮಾರು ಹತ್ತು ಪೌಂಡು. ಹೆಗಲಿಗೆ ಆನಿಸುವ ಹಿಂಬದಿಯೇ ಗಾಳಿಯ ಬುರುಡೆ. ಅದು ಕಬ್ಬಿಣದ ತಗಡಿನಿಂದ ಮಾಡಿದುದು, ತಿರುಗಿಸಿ ಬಿಚ್ಚತಕ್ಕುದು. ನಳಿಗೆಯ ಪಕ್ಕದ ಕೊಳವೆಯಲ್ಲಿ ಇಪ್ಪತ್ತು ಗುಂಡುಗಳು ಸಾಲಾಗಿ ಕುಳಿತಿರುವುವು. ಕೋವಿಯ ಮೂತಿಯನ್ನು ಮೇಲಕ್ಕೆತ್ತಿ ಅಡ್ಡಲಾಗಿರುವ ಒಂದು ಕಟ್ಟೆಯನ್ನು ಒತ್ತಿದರೆ ಒಂದು ಗುಂಡು ತನ್ನ ಭಾರದಿಂದಲೇ ಉರುಳಿ ನಳಿಗೆಯ ಬಾಯಿಗೆ ಬರುವುದು. ಹೊಗೆಯಿಲ್ಲ, ಮಿಂಚಿಲ್ಲ, ಮಳೆಯಲ್ಲಿ ಮದ್ದು ನೆನೆಯುವ ಭಯವೂ ಇಲ್ಲ. ಸಾಮಾನ್ಯ ಸಿಪಾಯಿಯು ನಿಮಿಷಕ್ಕೆ ಎರಡು ಮೂರು ಬಾರಿ ಮದ್ದು ಗಿಡಿದು ಸುಡುತ್ತಿದ್ದ ಆ ಕಾಲದಲ್ಲಿ ಈ ಆಯುಧವು ಎಷ್ಟು ಆಶ್ಚರ್ಯಕರವಾಗಿದ್ದಿರಬೇಕೆಂಬುದನ್ನು ವಾಚಕರೇ ಊಹಿಸಬಹುದು.

ಆದರೆ ಅದರ ಕಷ್ಟಗಳು ಅನುಭವಕ್ಕೆ ಬಂದದ್ದು ಆಮೇಲೆ. ಬುರುಡೆಯನ್ನು ತುಂಬಲು ಕೈಪಂಪನ್ನು ಸುಮಾರು ೧೫೦೦ ಸಲ ಒತ್ತಬೇಕಾಗಿತ್ತು. ಹಾಗೆ ಒತ್ತಿದಾಗ ಒಳಗಿನ ಒತ್ತಡವು ಚದರ ಅಂಗುಲಕ್ಕೆ ೮೦೦ ಪೌಂಡಿನವರೆಗೆ ಏರುತ್ತಿತ್ತು. ನಾವು ಉಸಿರಾಡುವ ಗಾಳಿಯ ಒತ್ತಡಕ್ಕೆ ಇದು ಐವತ್ತು ಮಡಿಗೂ ಮಿಕ್ಕುದು. ಇಷ್ಟು ಶ್ರಮದ ಫಲ ಸುಮಾರು ಮೂವತ್ತು ಗುಂಡುಗಳು. ಅವುಗಳಲ್ಲಿಯೂ ಮೊದಲನೆಯದರ ವೇಗ ಕೊನೆಯದಕ್ಕಿರದು. ಪ್ರತಿ ಗುಂಡಿಗೂ ಬುರುಡೆಯ ಗಾಳಿಯು ಕುಗ್ಗುವುದರಿಂದ ಹಿಂದಿನ ಗುಂಡುಗಳು ಗುರಿಗಿಂತ ಕೆಳಗೆ ಬೀಳುವುವು. ಎಷ್ಟನೆಯ ಗುಂಡಿಗೆ ಎಷ್ಟು ಮೇಲೆ ಗುರಿಯಿಡಬೇಕೆಂಬುದನ್ನು ಕೈಯೇ ಕಲಿಯಬೇಕು. ಗಾಳಿ ಸೋರದಂತೆ ತಡೆಯುವ ಚರ್ಮದ ಬಿಲ್ಲೆಗಳನ್ನು ಸದಾ ತೇವವಾಗಿರಿಸಬೇಕು. ಒಣಗಿದರೆ ರಾತ್ರಿ ತುಂಬಿಟ್ಟ ಬುರುಡೆಯು ಬೆಳಗಿಗೆ ಬರಿದು. ಗಾಳಿಯಿಲ್ಲದ ಕೋವಿಯು ದೊಣ್ಣೆಗೆ ಸಮಾನ. ಇನ್ನು ದುರಸ್ತಿಯೋ, ಅದಕ್ಕೆ ಗಡಿಯಾರದ ಕೆಲಸ ಬಲ್ಲ ನಾಜೂಕಾದ ಕೈ ಬೇಕು. ಅಂಥ ಕೈ ದಂಡಿನಲ್ಲಿ ಎಷ್ಟು ಮಂದಿಗಿದ್ದೀತು? ಹೀಗೆ ೧೮೧೫ರ ವೇಳೆಗೆ ಈ ಕೋವಿಯು ಸೈನ್ಯದಿಂದ ಮರೆಯಾಯಿತು. ರಚನೆಯಲ್ಲಿ ದೋಷವಿತ್ತೆಂದು ಹೇಳುವುದಕ್ಕಿಂತ ಅದನ್ನು ಸಾಕಲಾರದ ಕೈಗಳಿಗೆ ಅದು ಸಿಕ್ಕಿತೆನ್ನುವುದೇ ನ್ಯಾಯ.

ಇದೇ ಜಾತಿಯದೆಂದು ನಂಬಲಾದ ಗಾಳಿಕೋವಿಯೊಂದು ಸಮುದ್ರವನ್ನು ದಾಟಿ ಅಮೆರಿಕೆಯಲ್ಲಿ ಪ್ರಸಿದ್ಧವಾಯಿತು. ೧೮೦೩ರಲ್ಲಿ ಅಮೆರಿಕೆಯ ಸರಕಾರವು ಫ್ರಾನ್ಸಿನಿಂದ ಲೂಯಿಸಿಯಾನಾ ಎಂಬ ಮಹಾಪ್ರಾಂತವನ್ನು ಕ್ರಯಕ್ಕೆ ಕೊಂಡಿತು. ಪಶ್ಚಿಮಸಮುದ್ರದವರೆಗಿನ ದಾರಿಯನ್ನು ಶೋಧಿಸಲು ಅಧ್ಯಕ್ಷನಾದ ಜೆಫರ್ಸನ್ನನು ಮೆರಿವೆದರ್ ಲೂಯಿಸ್ ಎಂಬ ಅಧಿಕಾರಿಯನ್ನು ನೇಮಿಸಿದನು. ವಿಲಿಯಂ ಕ್ಲಾರ್ಕನು ಆತನ ಜೊತೆಗಾರ. ೧೮೦೩ನೆಯ ಇಸವಿ ಆಗಸ್ಟು ೩೦ನೆಯ ತಾರೀಖು ಲೂಯಿಸನು ಪಿಟ್ಸ್‌ಬರ್ಗಿನಿಂದ ದೋಣಿಯಲ್ಲಿ ಹೊರಟು ಮೂರು ಮೈಲಿ ದೂರದ ದ್ವೀಪವೊಂದರಲ್ಲಿ ಇಳಿದನು. ಅಲ್ಲಿಯ ಕೆಲವರು ಗಾಳಿಕೋವಿಯನ್ನು ನೋಡಬಯಸಿದರು. ಆತನು ೫೫ ಗಜ ದೂರದ ಗುರಿಗೆ ಏಳು ಸಲ ಹೊಡೆದು ತೋರಿಸಿ, ಬಳಿಕ ಅದನ್ನು ನೆರೆದವರಲ್ಲೊಬ್ಬನ ಕೈಗೆ ಕೊಟ್ಟನು. ಆ ಮನುಷ್ಯನಿಗೆ ಅದರ ವಿಧಾನ ತಿಳಿಯದು. ಕೋವಿಯು ತಾನಾಗಿಯೇ ಹಾರಿತು. ಗುಂಡು ಸುಮಾರು ೪೦ ಗಜದಾಚೆ ನಿಂತಿದ್ದ ಒಬ್ಬ ಹೆಂಗಸಿನ ಟೋಪಿಯನ್ನು ತೂರಿ ಕಪೋಲದ ಮೇಲ್ಗಡೆಯನ್ನು ಸೀಳಿಕೊಂಡು ಹೋಯಿತು. ಆಕೆ ಕುಸಿದುಬಿದ್ದಳು, ರಕ್ತವು ಧಾರೆಯಾಗಿ ಹರಿಯಿತು; ಸತ್ತಳೆಂದೇ ಎಲ್ಲರೂ ಕಂಗೆಟ್ಟರು. ಒಂದು ನಿಮಿಷದ ಮೇಲೆ ಆಕೆ ಕಣ್ಣು ತೆರೆದಳು. ಗಾಯವು ಪ್ರಾಣಾಪಾಯಕರವಲ್ಲವೆಂದು ಗೊತ್ತಾಯಿತು. ಅಮೆರಿಕೆಯ ಚರಿತ್ರೆಯಲ್ಲಿ ಅಷ್ಟು ಹೆಸರಾದ ಆ ಯಾತ್ರೆಯ ದಿನಚರಿಯ ಮೊದಲನೆಯ ದಿನದ ಬರಹದಲ್ಲಿಯೇ ಈ ವೃತ್ತಾಂತವಿದೆ.

ದ್ರೋಣಾಚಾರ್ಯನ ಪರೀಕ್ಷೆಯಲ್ಲಿ ಹಕ್ಕಿಯ ಹೊರತು ಮರವನ್ನಾಗಲಿ ಗುರುವನ್ನಾಗಲಿ ಕಾಣದ ಅರ್ಜುನನೇ ಗೆದ್ದನೆಂದು ನಮ್ಮ ಮಕ್ಕಳಿಗೆ ಹೇಳಿಕೊಡುವ ರೂಢಿ. ಬಿಲ್ಲಿನ ವಿದ್ಯೆಗೆ ಅದು ಒಪ್ಪೀತು. ಮರದಾಚೆ ಯಾರೂ ಇಲ್ಲವೆಂಬುದನ್ನು ಆಚಾರ್ಯನೇ ಮೊದಲು ನೋಡಿಕೊಂಡಿದ್ದನೆಂದು ಭಾವಿಸೋಣ. ಪಿಟ್ಸ್‌ಬರ್ಗಿನ ದ್ವೀಪದಲ್ಲಾದರೋ ಹಾಗೆ ನೋಡಿಕೊಂಡವರು ಒಬ್ಬರೂ ಇರಲಿಲ್ಲ. ಶಬ್ದ ಕಡಿಮೆ, ಬೆಂಕಿ ಇಲ್ಲ ಎಂಬ ಕಾರಣದಿಂದಲೇ ಗಾಳಿಕೋವಿಯು ಸಾಧುವೆಂಬ ಭ್ರಾಂತಿ ಹುಟ್ಟುವುದು. ಲೂಯಿಸನಂಥ ಸೈನಿಕನೂ ಆ ಭ್ರಾಂತಿಗೆ ಒಳಗಾದನು. ತುಂಬಿದ ಕೋವಿಯನ್ನು ಅರಿಯದವನಿಗೆ ಕೊಟ್ಟ ತಪ್ಪು ಅವನದೇ.

ಮುಂದೆ ಆತನು ಅದನ್ನು ಬೇಟೆಗಿಂತ ಹೆಚ್ಚಾಗಿ ಪ್ರದರ್ಶನಕ್ಕೆ ಬಳಸಿದನು. ಮಿಸ್ಸೂರಿ ನದಿಯ ತೀರದಲ್ಲಿ ಒಂದೊಂದು ಬುಡಕಟ್ಟನ್ನು ಸಂಧಿಸಿದಾಗಲೂ ಮೊದಲು ಮಾತು, ಆಮೇಲೆ ಉಡುಗೊರೆ, ಕೊನೆಗೆ ಗಾಳಿಕೋವಿ. ೧೮೦೫ನೆಯ ಆಗಸ್ಟು ೧೭ರಂದು ಶೋಶೋನಿ ಜನರ ಮುಂದೆ ಅದನ್ನು ಹಾರಿಸಿದಾಗ ಅವರು ಅದನ್ನು ಮಹಾಮಂತ್ರಶಕ್ತಿಯೆಂದು ಕರೆದರು. ಆ ದಿನ ಲೂಯಿಸನಿಗೆ ಪರ್ವತವನ್ನು ದಾಟಲು ಅವರ ಕುದುರೆಗಳು ಬೇಕಾಗಿದ್ದುವೆಂಬುದನ್ನು ಮರೆಯಬಾರದು. ಮೂವತ್ತು ಚಿಲ್ಲರೆ ಜನರ ತಂಡಕ್ಕೆ ಆ ಒಂದು ಕೋವಿಯು ನೂರು ಜನರ ಬಲವನ್ನು ಕೊಟ್ಟಿತು. ಅಂಥವು ಇನ್ನೆಷ್ಟಿವೆಯೋ ಎಂದು ನೋಡಿದವರು ಅಂಜಿದರು. ಬೆರಗಾಗಿ ನಿಂತ ಆ ಜನರ ನೆಲವೆಲ್ಲ ಮುಂದಿನ ಎರಡು ಮೂರು ತಲೆಮಾರುಗಳಲ್ಲಿ ಪರರ ಪಾಲಾಯಿತು. ವಿನೋದವೆಂದು ತೋರಿಸಿದ ವಸ್ತುವಿನ ಹಿಂದೆ ಎಷ್ಟು ಗಂಭೀರವಾದ ಉದ್ದೇಶವಿತ್ತೆಂಬುದು ಅವರಿಗೆ ಹೇಗೆ ತಿಳಿಯಬೇಕು!

ಯಾತ್ರೆಯ ಮಧ್ಯದಲ್ಲಿ ಕೋವಿಯು ಎರಡು ಬಾರಿಯಾದರೂ ಕೆಟ್ಟಿತು. ೧೮೦೫ನೆಯ ಜೂನ್ ೧೦ರಂದು ಜಾನ್ ಷೀಲ್ಡ್ಸ್ ಎಂಬ ಕಮ್ಮಾರನು ಅದರ ಮುಖ್ಯವಾದ ಸ್ಪ್ರಿಂಗನ್ನು ಹೊಸದಾಗಿ ಕೂಡಿಸಿದನು. ಆಗಸ್ಟು ೭ರಂದು ಗುರಿನೋಡುವ ಮಣಿಯು ಹೇಗೋ ಕದಲಿದ್ದುದು ಕಂಡುಬಂದಿತು. ಲೂಯಿಸನು ತಾನೇ ಅದನ್ನು ಸರಿಪಡಿಸಿ, ಹೊಡೆದು ನೋಡಿ, ಮೊದಲಿನಂತೆಯೇ ಗುರಿ ಮುಟ್ಟುವುದೆಂದು ಬರೆದಿಟ್ಟನು. ದಾರಿಯ ಕುಲುಕಾಟದಲ್ಲಿ ಮಣಿಯು ಕೂದಲೆಳೆಯಷ್ಟು ಸರಿದರೂ ದೂರದಲ್ಲಿ ಅದು ಗೇಣಾಗುವುದೆಂಬುದನ್ನು ಆತನು ಬಲ್ಲವನಾಗಿದ್ದನು.

ಗುಂಡಿನ ಅವಘಡದಿಂದ ಮೊದಲಾದ ಆ ಯಾತ್ರೆಯು ಮುಗಿಯುವ ಮುನ್ನ ಅಂಥ ಇನ್ನೊಂದು ನಡೆಯಿತು. ೧೮೦೬ನೆಯ ಆಗಸ್ಟು ೧೧ರಂದು ಲೂಯಿಸನೂ ಪಿಯೆರ್ ಕ್ರೂಜಾಟ್ ಎಂಬ ನಾವಿಕನೂ ನದಿಯ ದಡದ ಪೊದೆಯಲ್ಲಿ ಕಡವೆಯಂಥ ಮೃಗವನ್ನು ಅರಸುತ್ತಿದ್ದರು. ಕ್ರೂಜಾಟನಿಗೆ ಒಂದು ಕಣ್ಣಿಲ್ಲ. ಇನ್ನೊಂದರ ದೃಷ್ಟಿಯೂ ಮಂದ. ಚರ್ಮದ ಉಡುಪಿನಲ್ಲಿದ್ದ ನಾಯಕನನ್ನೇ ಮೃಗವೆಂದು ಭ್ರಮಿಸಿ ಆತನು ಸುಟ್ಟನು. ಗುಂಡು ಲೂಯಿಸನ ತೊಡೆಯ ಹಿಂಭಾಗವನ್ನು ತೂರಿತು. ಇದು ಮದ್ದಿನ ಕೋವಿಯ ಗುಂಡು, ಗಾಳಿಯದಲ್ಲ. ಸರಯೂತೀರದಲ್ಲಿ ಕೊಡ ಮುಳುಗುವ ಸದ್ದನ್ನು ಆನೆಯ ಸದ್ದೆಂದು ಬಗೆದು ಮುನಿಕುಮಾರನನ್ನು ಕೊಂದ ದಶರಥನ ಕಥೆಯು ಇಲ್ಲಿ ನೆನಪಿಗೆ ಬಾರದಿರದು. ಲೂಯಿಸನ ಪುಣ್ಯ, ಎಲುಬು ಮುರಿಯಲಿಲ್ಲ.

ಆ ಗಾಳಿಕೋವಿಯು ಯಾರು ಮಾಡಿದುದೆಂಬ ವಿಷಯದಲ್ಲಿ ಬಹುಕಾಲ ವಾದವಿತ್ತು. ಫಿಲಡೆಲ್ಫಿಯದ ಲೂಕೆನ್ಸ್ ಎಂಬ ಕುಶಲಿಯದೆಂದು ಕೆಲವರ ಮತ. ಆದರೆ ೧೮೦೩ನೆಯ ಸೆಪ್ಟೆಂಬರಿನಲ್ಲಿ ಲೂಯಿಸನನ್ನು ಕಂಡ ಥಾಮಸ್ ರಾಡ್ನಿ ಎಂಬಾತನು ಅದು ಒಮ್ಮೆ ಗಾಳಿ ತುಂಬಿದರೆ ೨೨ ಸಲ ಹಾರುತ್ತಿತ್ತೆಂದು ಬರೆದಿರುವುದರಿಂದ ಜಿರಾರ್ಡೋನಿಯ ಪಕ್ಷವೇ ಈಗ ಬಲವಾಗಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಬುರುಡೆಯನ್ನು ಬಿಟ್ಟು ಸ್ಪ್ರಿಂಗಿನಿಂದ ಕೊಂತವನ್ನು ತಳ್ಳಿ ಗಾಳಿಯನ್ನು ಅಮುಕುವ ಕ್ರಮವು ಬಳಕೆಗೆ ಬಂದಿತು. ಲಿಂಕನ್ ಜೆಫ್ರೀಸ್ ಎಂಬಾತನ ೧೯೦೪ರ ಪೇಟೆಂಟಿನಂತೆ ಬರ್ಮಿಂಗ್‌ಹ್ಯಾಮಿನ ಬಿ. ಎಸ್. ಎ. ಕಾರ್ಖಾನೆಯು ಮರುವರ್ಷದಿಂದ ತಯಾರಿಸಿದ ಕೋವಿಗಳು ಮನೆಮನೆಯ ಹವ್ಯಾಸಕ್ಕೆ ದಾರಿಮಾಡಿದುವು. ಇವುಗಳ ಸ್ವಭಾವವೇ ಬೇರೆ. ಗುಂಡು ನಳಿಗೆಯನ್ನು ಬಿಡುವ ಮೊದಲೇ ಕೊಂತದ ಓಟಕ್ಕೆ ಕೋವಿಯು ಹಿಂದಕ್ಕೂ ಒಡನೆಯೇ ಮುಂದಕ್ಕೂ ಅದುರುವುದು. ಬಲವಾಗಿ ಬಿಗಿಹಿಡಿದವನ ಗುಂಡು ಚದುರುವುದು. ಅಂಗೈಯಲ್ಲಿ ಸಡಿಲವಾಗಿ, ಪ್ರತಿಸಲವೂ ಒಂದೇ ತೆರನಾಗಿ ಇರಿಸಿಕೊಂಡವನದು ಒಂದೆಡೆ ಸೇರುವುದು. ಗುಂಡಿಲ್ಲದೆ ಬರಿದೆ ಹಾರಿಸಿದರೆ ಕೊಂತವು ಬಡಿದು ಹಾಳಾಗುವುದು. ಎಣ್ಣೆ ಹೆಚ್ಚಾದರೆ ಗಾಳಿಯ ಬಿಸಿಗೆ ಅದು ಹೊತ್ತಿಕೊಂಡು ಹೊಗೆ ಬರುವುದು.

ಒಲಿಂಪಿಕ್ ಪಂದ್ಯಗಳಿಗೆ ಹತ್ತು ಮೀಟರಿನ ಗಾಳಿಕೋವಿಯು ೧೯೮೪ರಲ್ಲಿ ಸೇರಿತು. ಅಲ್ಲಿ ಗುಂಡಿನ ವ್ಯಾಸ ೪.೫ ಮಿಲಿಮೀಟರು, ಹತ್ತು ಅಂಕದ ಬಿಂದುವು ಅರ್ಧ ಮಿಲಿಮೀಟರು ಮಾತ್ರ. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರ್ ಅವರು ೨೦೦೪ರಲ್ಲಿ ಕೌಲಾಲಂಪುರದ ಅರ್ಹತಾಸುತ್ತಿನಲ್ಲಿ ನಾನೂರಕ್ಕೆ ನಾನೂರು ಅಂಕಗಳನ್ನು ಪಡೆದರು. ಅದೇ ವರ್ಷ ಅಥೆನ್ಸಿನಲ್ಲಿ ಅಭಿನವ್ ಬಿಂದ್ರಾ ಅವರು ಅಂತಿಮ ಸುತ್ತನ್ನು ಮುಟ್ಟಿಯೂ ಏಳನೆಯವರಾಗಿ ಹಿಂದಿರುಗಿದರು. ನಾಲ್ಕು ವರ್ಷಗಳ ತರುವಾಯ ಬೀಜಿಂಗಿನಲ್ಲಿ, ೨೦೦೮ನೆಯ ಆಗಸ್ಟು ೧೧ರಂದು, ಅಂತಿಮ ಸುತ್ತಿಗೆ ಮುನ್ನ ಪರೀಕ್ಷೆಗೆಂದು ಹೊಡೆದ ಗುಂಡು ನಡುವಿನಿಂದ ಬಹು ದೂರ ಬಿದ್ದಿತು. ಗುರಿನೋಡುವ ಸಾಧನವು ತಪ್ಪಿತ್ತು. ಉಳಿದಿದ್ದ ಕೆಲವೇ ನಿಮಿಷಗಳಲ್ಲಿ ಅವರು ಅದನ್ನು ತಿರುಗಿಸಿ ಸರಿಮಾಡಿಕೊಂಡರು. ಒಂಬತ್ತು ಗುಂಡುಗಳಾದ ಮೇಲೆ ಫಿನ್‌ಲ್ಯಾಂಡಿನ ಹೆನ್ರಿ ಹಾಕಿನೆನ್ ಅವರ ಅಂಕಗಳೂ ಬಿಂದ್ರಾ ಅವರವೂ ಸಮ. ಹತ್ತನೆಯ ಗುಂಡಿಗೆ ಹಾಕಿನೆನ್ ಅವರಿಗೆ ೯.೭ ಬಂದಿತು, ಬಿಂದ್ರಾ ಅವರಿಗೆ ೧೦.೮.