ಅರಕೆರೆ ಮಸಾದಾ ಅಲ್ಲ

ಇಂಗ್ಲಿಷರ ವಿರುದ್ಧ ನಿಂತ ಬಲಂ ಸೀಮೆಯ ಪಾಳೆಯಗಾರ ವೆಂಕಟಾದ್ರಿ ನಾಯಕನ ಅರಕೆರೆಯನ್ನು 'ಮಲೆನಾಡಿನ ಮಸಾದಾ' ಎಂದು ಹಿರಿಯರೊಬ್ಬರು ಮೂಡಿಗೆರೆಯ ಸಭೆಯೊಂದರಲ್ಲಿ ಕರೆದರು. ಅವರ ಬಗ್ಗೆ ನನಗೆ ಗೌರವವಿದೆ. ಹೋಲಿಕೆಯ ಬಗ್ಗೆ ಇಲ್ಲ.

ಮಸಾದಾದ ಯೆಹೂದಿ ಕೋಟೆಗೆ ರೋಮನ್ನರು ಹಾಕಿದ ಮುತ್ತಿಗೆಯನ್ನು ಬರೆದಿಟ್ಟವನು ಜೋಸೆಫಸ್ ಒಬ್ಬನೇ. ಅವನೂ ಶರಣಾಗಿ ರೋಮಿನ ಆಶ್ರಯದಲ್ಲಿದ್ದವನು. ಸೆರೆಯಾಗುವ ಬದಲು 960 ಜನ ತಮ್ಮವರ ಕೈಯಲ್ಲೇ ಸತ್ತರು, ಇಬ್ಬರು ಹೆಂಗಸರು ಮತ್ತು ಐದು ಮಕ್ಕಳು ಉಳಿದರು ಎನ್ನುತ್ತಾನೆ. ಕೊಲ್ಲುವವರನ್ನು ಚೀಟಿ ಎತ್ತಿ ಆರಿಸಿದರೆಂಬ ಅವನ ಮಾತಿಗೆ, 1963-65ರ ಉತ್ಖನನದಲ್ಲಿ ಹೆಸರು ಗೀಚಿದ ಹನ್ನೊಂದು ಬೋಕಿಗಳು ಸಿಕ್ಕಾಗ ಪುರಾತತ್ತ್ವಜ್ಞ ಯಿಗಾಯೆಲ್ ಯಾದಿನ್ ಅವನ್ನು ಗಂಟು ಹಾಕಿದರು. ಆ ಗಂಟನ್ನು ಮುಂದಿನವರು ಬಿಚ್ಚುತ್ತಲೇ ಇದ್ದಾರೆ. ಆದರೂ ಅಲ್ಲಿ ರೋಮನ್ನರ ಮಣ್ಣಿನ ದಿಬ್ಬವಿದೆ, ಶಿಬಿರಗಳ ಕುರುಹಿದೆ. ಜೋಸೆಫಸ್‌ನನ್ನು ನೆಲದ ಮೇಲೆ ಇಟ್ಟು ನೋಡಬಹುದು.

ಅರಕೆರೆಗೆ ನಮ್ಮ ಕೈಲಿರುವುದು ಮುಖ್ಯವಾಗಿ ಗೆದ್ದವನ ಕಾಗದಗಳು. ಇಂಗ್ಲಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿಯ ಭಾರತದ ಪತ್ರಗಳ ಪೂರಕ ಸಂಪುಟಗಳನ್ನು ಅವನ ಮಗ 1858ರಿಂದ ಅಚ್ಚು ಹಾಕಿಸಿದ. ನಮ್ಮವರು ಅದರಲ್ಲಿ 'ಕೋಟೆ' ಹುಡುಕುತ್ತಾರೆ. ಸಿಗದಿದ್ದರೆ ಟಿಪ್ಪುವಿನ ಎಂಟು ಮೂಲೆಯ ಮಂಜರಾಬಾದನ್ನೇ ತಂದು ಕೂರಿಸುತ್ತಾರೆ! ಅರಕೆರೆ ಕಲ್ಲುಕೋಟೆಯಲ್ಲ, ದಟ್ಟ ಕಾಡಿನೊಳಗೆ ಭದ್ರಪಡಿಸಿದ ಹಳ್ಳಿ. (ಇಂಗ್ಲಿಷರ ಕಾಗುಣಿತದಲ್ಲಿ ಅದು 'ಅರ್ರಕೀರಿ'. ಅರಕೆರೆ, ಅರೆಕೆರೆಗಳು ನಮ್ಮಲ್ಲಿ ಒಂದೆರಡಲ್ಲ; ಹೆಸರು ಕೇಳಿದೊಡನೆ ಕಾರು ಹತ್ತುವವರು ಗಮನಿಸಬೇಕು.)

ನನ್ನ ತಕರಾರು ನಿಂತಿರುವುದು ತಾರೀಖುಗಳ ಮೇಲೆ. 1800ರ ಏಪ್ರಿಲ್ 30ರಂದು ಇಂಗ್ಲಿಷರ ಕರ್ನಲ್ ಮಾಂಟ್ರೆಸರ್ ಅರಕೆರೆಯ ಮೇಲೆ ಬಿದ್ದ. ಅಷ್ಟರಿಂದ ನಾಯಕ ಮುಗಿಯಲಿಲ್ಲ. ವೆಲ್ಲೆಸ್ಲಿಗೆ ಆ ವರ್ಷ ಇಂಗ್ಲಿಷರ ವಿರುದ್ಧ ದಂಡು ಕಟ್ಟಿದ್ದ ಧೋಂಡಿಯಾ ವಾಘನನ್ನು ಬೆನ್ನಟ್ಟುವುದೇ ದೊಡ್ಡ ಕೆಲಸವಾಗಿತ್ತು. ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಅವನನ್ನು ಕೊಂದ. ಬಲಂ ಕಡೆ ತಾನೇ ತಿರುಗಿ, ಮೂರು ದಂಡಾಗಿ ಸೈನ್ಯ ನುಗ್ಗಿಸಿ ಅರಕೆರೆಯನ್ನು ಹಿಡಿದದ್ದು 1802ರ ಜನವರಿ 16ರಂದು. ನಾಯಕ ಸೆರೆಸಿಕ್ಕಿದ್ದು ಫೆಬ್ರವರಿ 9ರಂದು.

ನಡುವೆ ಇಪ್ಪತ್ನಾಲ್ಕು ದಿನ. ಮಸಾದಾದಲ್ಲಿ ಕೋಟೆಯೂ ಅದರ ನಾಯಕನೂ ಒಟ್ಟಿಗೆ ಮುಗಿದರು. ಇಲ್ಲಿ ಹಳ್ಳಿ ಬಿದ್ದ ಮೇಲೂ ಮನುಷ್ಯ ಉಳಿದ. ಯಾರೋ ಅನ್ನ ಹಾಕಿರಬೇಕು, ಯಾರೋ ದಾರಿ ತೋರಿಸಿರಬೇಕು. ಇದು ನನ್ನ ಊಹೆ, ಆದರೆ ಹಸಿದವನು ಕಾಡಿನಲ್ಲಿ ಮೂರು ವಾರ ಒಬ್ಬನೇ ಬಾಳಲಾರ. ಹಾಗಾಗಿ ಬಲಂನ ಪ್ರತಿರೋಧವನ್ನು ಗೋಡೆಯಲ್ಲಿ ಹುಡುಕುವುದೇ ತಪ್ಪು. 'ಮುತ್ತಿಗೆ' ಎಂಬ ಪದವನ್ನು ನಾನಂತೂ ಕೈಬಿಟ್ಟಿದ್ದೇನೆ.

ಫೆಬ್ರವರಿ 10ರಂದು ಅವನನ್ನು ಗಲ್ಲಿಗೇರಿಸಿದರು. ಕಾದಾಡಿದ ನೆಲದ ಬಹುಪಾಲಿಗೆ ಆಮೇಲೆ ಕಾಫಿ ಬಂತು. ಆ ಕಡೆ ತೋಟವಿರುವವರಲ್ಲಿ ಒಂದು ವಿನಂತಿ: ಬೇಲಿಯದೂ ಅಲ್ಲದ, ಬಸಿಗಾಲುವೆಯೂ ಅಲ್ಲದ ಹಳೇ ಅಗಳು ಕಂಡರೆ, ಜೆಸಿಬಿ ಇಳಿಸುವ ಮೊದಲು ಅಳತೆ ತೆಗೆದಿಡಿ.